ಮೂರನೇ ಮಹಡಿಯ ಅಕ್ಕಯ್ಯಮ್ಮ

ನಮ್ಮಣ್ಣ ಮುನಿಆಂಜಿನಪ್ಪನಿಗೆ ಕೋಪ ಬಂದರೆ ಕೂಗಾಡುವುದಿಲ್ಲ, ಷರತ್ತು ಹಾಕುತ್ತಾನೆ. ಕೂಗಾಡುವವರನ್ನು ಹೇಗೋ ಸಹಿಸಬಹುದು, ಈ ಷರತ್ತಿನವರ ಸಹವಾಸ ಬೇಡಪ್ಪಾ ಬೇಡ. ಆವತ್ತು ತಿಂಡಿ ತಿನ್ನುತ್ತಾ ತನ್ನ ಮಗಳು ತೇಜಸ್ವಿನಿಗೆ ಹಾಕಿದ ಷರತ್ತು ಹೀಗಿತ್ತು.

"ನಿಮ್ಮಜ್ಜಿ ಚಿತ್ರ ಬರಿ. ನೀನೂ ಬಾಯಿ ಬಿಡಬಾರ್ದು, ನಾವೂ ಬಿಡಲ್ಲ. ಹೊರಗಿನವರು ಒಬ್ರಾದ್ರೂ ನೋಡಿ, ಇದು ಅಕ್ಕಯ್ಯಮ್ಮ ಅಂತ ಗುರುತು ಹಿಡೀಬೇಕು. ಹಿಡಿದ್ರೆ ನಿನ್ನ ಚಿತ್ರಕಲಾ ಕಾಲೇಜಲ್ಲೇ ಓದ್ಕೋ. ಇಲ್ಲಾಂದ್ರೆ ಬಿಟ್ಬಿಟ್ಟು ಮತ್ತಿಕೆರೇಲಿ ಬಿಬಿಎ ಸೇರ್ಕೊಂಡು ಪಿಜಿ ನೋಡ್ಕೋ."

ಪಿಜಿ ಎಂದರೆ ನಮ್ಮ ಮನೆಯ ಪಕ್ಕದಲ್ಲೇ ಅಣ್ಣ ಕಟ್ಟಿಸುತ್ತಿರುವ ಕಟ್ಟಡ. ಯಲಹಂಕದ ಸುತ್ತಮುತ್ತ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದವರೆಲ್ಲ ಈಗ ಬಾಡಿಗೆ ಹುಡುಗರನ್ನು ಬೆಳೆಯುತ್ತಿದ್ದಾರೆ. ಅಣ್ಣನಿಗೆ ಆ ಬೆಳೆಯನ್ನು ಕಾಯಲು ಮಗಳು ಬೇಕಿತ್ತು.

ನಾನು ರಾಧಾಮಣಿ, ಅವನ ತಂಗಿ, ಹುಡುಗಿಗೆ ಸೋದರತ್ತೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ರಿಟೈರಾಗಿ ತವರಿನ ಮಹಡಿ ಮೇಲೆ ಇದ್ದೇನೆ. ಮಕ್ಕಳನ್ನು ಗದರಿ ಗದರಿ ನಾಲಿಗೆ ಚೂಪಾಗಿದೆ ಎಂದು ಮನೆಯವರ ದೂರು. ಇರಲಿ, ಚೂಪಿಲ್ಲದಿದ್ದರೆ ಈ ಮನೆಯಲ್ಲಿ ಬಾಳಲು ಆಗುತ್ತಿತ್ತೇ?

ಅಣ್ಣ ಅಲ್ಲೇ ಫೋನೆತ್ತಿ, ಚಟ್ನಿ ಹಾಕಿಸಿಕೊಳ್ಳುತ್ತಿದ್ದ ಅಮ್ಮನ ಫೋಟೋ ತೆಗೆದು ಮಗಳ ಮುಂದೆ ಹಿಡಿದ. "ನೋಡು, ಒಂದೇ ಸೆಕೆಂಡು. ಇದಿರೋವಾಗ ಕೈಯಲ್ಲಿ ಯಾಕಮ್ಮ ಬರೀಬೇಕು?"

"ಅವರೂ ಇದನ್ನೇ ಕೇಳ್ಕೊಂಡಿದ್ದು ಅಪ್ಪ," ಎಂದಳು ತೇಜಸ್ವಿನಿ.

"ಯಾರು?"

"ಪ್ಯಾರಿಸ್ಸಿನ ಪೇಂಟರ್‌ಗಳು. ಕ್ಯಾಮೆರಾ ಬಂದ್ಮೇಲೆ, ಇದ್ದಿದ್ದನ್ನ ಇದ್ದಂಗೆ ತೋರ್ಸೋಕೆ ಅದಿದೆಯಲ್ಲ, ನಮಗಿನ್ನೇನು ಕೆಲಸ ಅಂತ ಯೋಚ್ನೆ ಮಾಡಿದ್ರು. ಅಲ್ಲಿಂದ್ಲೇ ಶುರುವಾಗಿದ್ದು ಎಲ್ಲಾ."

"ಯೋಚ್ನೆ ಮಾಡಿ ಪಿಜಿ ಕಟ್ಟಿದ್ರಾ?" ಎಂದ ಅಣ್ಣ. ತಾನೇ ನಕ್ಕು ಕೈತೊಳೆಯಲು ಎದ್ದ.

ನನಗೆ ಮೈಯೆಲ್ಲ ಉರಿಯಿತು. ಹುಡುಗಿ ನಡೆಯಲು ಕಲಿಯುವ ಮುಂಚೆಯೇ ಇದ್ದಿಲು ಹಿಡಿದು ಗೋಡೆ ಕೆಡಿಸಿದವಳು. ಆ ಕಾಲೇಜು ಬಿಡಿಸಿದರೆ ಅವಳು ಬದುಕೇನೋ ಬದುಕುತ್ತಾಳೆ, ಆದರೆ ಈಗ ಮುಖದಲ್ಲಿರುವ ಗೆಲುವು ಇರುವುದಿಲ್ಲ. ಅಣ್ಣ ಕೈತೊಳೆಯಲು ಹೋದೊಡನೆ ಅವಳನ್ನು ಮೂಲೆಗೆ ಎಳೆದು, "ಕಣ್ಣು ಮೂಗು ಬಾಯಿ ಎಲ್ಲೆಲ್ಲಿದೆಯೋ ಅಲ್ಲಲ್ಲೇ ಇಟ್ಟು ಬರೆದು ಬಿಸಾಕು, ಪೀಡೆ ಹೋಗುತ್ತೆ" ಎಂದೆ.

"ಅದು ಅಜ್ಜಿ ಅಲ್ಲ ಅತ್ತೆ, ಅಜ್ಜಿ ಆಧಾರ್ ಕಾರ್ಡು" ಎಂದಳು. ಅಪ್ಪನ ಮೊಂಡುತನ ಮಗಳಿಗೆ ಬರದೆ ಇನ್ನೆಲ್ಲಿಗೆ ಹೋದೀತು!

ಅಮ್ಮ ಜಗಲಿಯಲ್ಲಿ ಕೂರಲು ಒಪ್ಪಿದಳು. ಹುಡುಗಿ ಮೊದಲು ಬರೆದದ್ದು ಇಂಪ್ರೆಷನಿಸ್ಟರ ಥರ. ಅವರಿಗೆ ಮನುಷ್ಯರಿಗಿಂತ ಮನುಷ್ಯರ ಮೇಲೆ ಬಿದ್ದ ಬೆಳಕು ಮುಖ್ಯವಂತೆ. ಕೋಣೆ ಬಿಟ್ಟು ಬಯಲಿಗೆ ಬಂದು, ಬಿಸಿಲು ಜಾರುವ ಮುಂಚೆ ಅದನ್ನು ಹಿಡಿಯಲು ಬ್ರಷ್ಷನ್ನು ಪಟಪಟ ಆಡಿಸುತ್ತಿದ್ದರಂತೆ. ಅಮ್ಮನ ಬಿಳಿ ಕೂದಲು, ನೀಲಿ ಸೀರೆ, ಜಗಲಿಯ ಬಿಸಿಲು ಎಲ್ಲ ಚುಕ್ಕಿ ಚುಕ್ಕಿಯಾಗಿ ಮಿನುಗುತ್ತಿದ್ದವು. ನನಗಂತೂ ಬಲು ಇಷ್ಟವಾಯಿತು.

ಅಮ್ಮ ನೋಡಿ, "ಕಣ್ಣಿಗೆ ಪೊರೆ ಬಂದೋರು ನೋಡ್ದಂಗದೆ. ನಂಗೆ ಆಪರೇಷನ್ ಆಗೈತೆ ಕಣೇ" ಎಂದಳು.

ಮುಂದಿನದು ಫೋವಿಸಂ. ಆ ಗುಂಪಿನವರನ್ನು ಯಾರೋ ವಿಮರ್ಶಕ ಕಾಡುಮೃಗಗಳು ಎಂದು ಬೈದದ್ದೇ ಅವರಿಗೆ ಹೆಸರಾಗಿ ನಿಂತಿತಂತೆ. ಮರ ಹಸಿರಾಗಿದೆ ಎಂದು ಹಸಿರನ್ನೇ ಬಳಿಯಬೇಕೆ, ಮನಸ್ಸಿಗೆ ಕೆಂಪು ಎನಿಸಿದರೆ ಕೆಂಪು ಬಳಿದರಾಯಿತು ಎನ್ನುವುದು ಅವರ ವಾದ. ಹಾಗಾಗಿ ಅಮ್ಮನ ಕೆನ್ನೆ ಹಸಿರು, ಮೂಗು ಕಿತ್ತಳೆ, ಹಣೆ ನೇರಳೆ.

"ಯಾಕಮ್ಮಿ, ನಂಗೇನು ಪಾಚಿ ಕಟ್ಟೈತಾ?"

"ಅದು ನಿನ್ನ ಗತ್ತು ಅಜ್ಜಿ."

"ಗತ್ತು ಹಸ್ರಾಗಿರ್ತದಾ? ಯಾವನಂದ ನಿಂಗೆ?"

ಹೀಗೆ ಸಾಗುತ್ತಿತ್ತು. ಬರೆಯುತ್ತಾ ಹುಡುಗಿ ನನಗೆ ಪಾಠವನ್ನೂ ಮಾಡುತ್ತಿದ್ದಳು. ಒಂದು ಗುಂಪು ಬೆಳಕೇ ಮುಖ್ಯ ಎಂದಿತು. ಅದರ ಹಿಂದೆ ಬಂದವರು, ಬೆಳಕಾದರೆ ಸಾಕೇ, ಮನಸ್ಸಿನ ಕಥೆ ಏನು ಎಂದರು. ಅವರಾದ ಮೇಲೆ ಬಂದವರು ಮನಸ್ಸೂ ಬೇಡ, ಆಕಾರವನ್ನು ಬಿಚ್ಚಿ ನೋಡೋಣ ಎಂದರು. ಮೊದಲ ಮಹಾಯುದ್ಧದ ನಡುವೆ ಡಾಡಾ ಎಂಬ ಗುಂಪೊಂದು ಹುಟ್ಟಿ, ನಿಮ್ಮ ಅಂದಚಂದಕ್ಕೆಲ್ಲ ಬೆಂಕಿ ಹಾಕ ಎಂದು ಗೇಲಿ ಮಾಡಿತು. ಕೇಳುತ್ತಾ ಕೇಳುತ್ತಾ ನನಗೆ ನಗು ಬಂತು. ಇದೇನು ಹೊಸದೇ? ನಮ್ಮ ಮನೆತನದಲ್ಲಿ ಪಾಲಾದದ್ದೂ ಹೀಗೆಯೇ. ಹಿರಿಯರ ಒಲೆ ಒಲ್ಲೆ ಎಂದು ಒಬ್ಬ ಬೇರೆ ಹೋಗುವುದು, ಅವನ ಒಲೆ ಒಲ್ಲೆ ಎಂದು ಅವನ ಮಗ ಬೇರೆ ಹೋಗುವುದು, ಎಲ್ಲರೂ ಒಬ್ಬರ ಎದುರಿಗೊಬ್ಬರು ಮನೆ ಕಟ್ಟಿಕೊಂಡು ಗುರಾಯಿಸುತ್ತಾ ಕೂರುವುದು.

ನಮ್ಮ ಎದುರುಮನೆಯೂ ಅಂಥದ್ದೇ. ಅಲ್ಲಿರುವವಳು ಗೌರಮ್ಮ ಚಿಕ್ಕಮ್ಮ, ಅಮ್ಮನ ವಾರಗಿತ್ತಿ. ಗಡಿಯಲ್ಲಿದ್ದ ಹಲಸಿನ ಮರವನ್ನು ಯಾರು ಕಡಿಸಿದರು ಎಂಬ ವಿಷಯಕ್ಕೆ ಇಬ್ಬರಿಗೂ ಮಾತು ನಿಂತು ಯಾವ ಕಾಲವಾಯಿತೋ. ಮರ ಹೋಗಿ ಅಲ್ಲಿ ರಸ್ತೆ ಬಂದು, ರಸ್ತೆಗೆ ಡಾಂಬರು ಬಂದರೂ ಮಾತು ಬರಲಿಲ್ಲ. ಅವರ ಮನೆಯ ಮದುವೆಗೆ ನಾವಿಲ್ಲ, ನಮ್ಮ ಮನೆಯ ಗೃಹಪ್ರವೇಶಕ್ಕೆ ಅವರಿಲ್ಲ. ಮಾತಿಲ್ಲ ಎಂದರೆ ಮಾತಿಲ್ಲ ಅಷ್ಟೇ, ನೋಡುವುದಕ್ಕೇನೂ ಅಡ್ಡಿಯಿರಲಿಲ್ಲ.

ತೇಜಸ್ವಿನಿಗೆ ಕಷ್ಟ ಬಂದದ್ದೇ ಇದರಿಂದ. ಅಮ್ಮ ಕೂತಲ್ಲಿ ಕೂರುತ್ತಿರಲಿಲ್ಲ. ಎದುರುಮನೆಯ ಗೇಟು ಕಿರ್ ಎಂದರೆ ಮುಖ ಆ ಕಡೆ. ಒಳಗೆ ಕುಕ್ಕರ್ ಕೂಗಿದರೆ ಈ ಕಡೆ. ಮೇಲೆ ವಿಮಾನ ಹೋದರೆ ಗಲ್ಲ ಆಕಾಶಕ್ಕೆ. ಹುಡುಗಿ ಬ್ರಷ್ ಎಸೆದು ಅತ್ತೇಬಿಟ್ಟಳು. ಆಮೇಲೆ ಮೂಗೊರೆಸಿಕೊಂಡು ಅಜ್ಜಿಯನ್ನೇ ನೋಡುತ್ತಾ ಕೂತಳು.

"ಅತ್ತೆ, ಅಜ್ಜಿ ಯಾವತ್ತೂ ಒಂದೇ ಕಡೆ ಇರಲ್ಲ. ಒಂದೇ ಕಡೆಯಿಂದ ನಾನ್ಯಾಕೆ ಬರೀಬೇಕು?"

ಸೀದಾ ಪಕ್ಕದ ಕಟ್ಟಡಕ್ಕೆ ಹೋಗಿ, ಕಾಂಕ್ರೀಟು ಸುರಿಯುವಾಗ ಕೆಳಗೆ ಆಸರೆಯಾಗಿ ಸೆಂಟ್ರಿಂಗ್‌ಗೆ ಬಳಸುವ ಆಳೆತ್ತರದ ಪ್ಲೈವುಡ್ ಹಲಗೆಯೊಂದನ್ನು ಹೊತ್ತು ತಂದಳು. ಇದು ಕ್ಯೂಬಿಸಂ ಎಂದಳು. ಒಂದು ಕಡೆ ನಿಂತು ನೋಡಿದರೆ ಒಂದು ಮುಖವೇ ಕಾಣುವುದು. ಆದರೆ ಮನೆಯ ಜನರನ್ನು ನಾವು ಹಾಗೆ ಬಲ್ಲೆವೇ? ಹಿಂದೆ, ಮುಂದೆ, ಪಕ್ಕ, ನಿನ್ನೆ, ಮೊನ್ನೆ ಎಲ್ಲ ಸೇರಿಸಿಯೇ ಬಲ್ಲೆವು. ಅದನ್ನೆಲ್ಲ ಒಟ್ಟಿಗೆ ಒಂದೇ ಹಲಗೆಯ ಮೇಲೆ ಇಡುವುದು ಆ ಪಂಥದವರ ಆಸೆಯಂತೆ. ಅಮ್ಮ ಎಷ್ಟು ತಿರುಗಿದರೂ ಹುಡುಗಿ ಈಗ ಗೊಣಗಲಿಲ್ಲ. ತಿರುಗಿದಷ್ಟೂ ಬರೆದಳು.

ಮುಗಿದ ಮೇಲೆ ನೋಡಿದರೆ ಶಿವನೇ! ಒಂದು ಕಣ್ಣು ನೇರವಾಗಿ ನೋಡುತ್ತಿದೆ, ಇನ್ನೊಂದು ಕಿವಿಯ ಹತ್ತಿರ ನಿಂತು ಪಕ್ಕಕ್ಕೆ ನೋಡುತ್ತಿದೆ. ಮೂಗು ಎರಡು ದಿಕ್ಕಿಗೆ ಮಡಿಚಿದೆ. ಕಿವಿಗಳು ಮೂರು. ಬಿಬಿಎ ಗ್ಯಾರಂಟಿ ಎಂದುಕೊಂಡೆ.

ಸಂಜೆ ಅಣ್ಣ ಪರೀಕ್ಷೆ ನಡೆಸಿದ. ಹಾಲಿನವನನ್ನು ಕರೆದು ಇದು ಏನು ಎಂದು ಕೇಳಿದರೆ ಅವನು ಕೈಮುಗಿದು ಗಣೇಶ ಎಂದ. ಕೆಳಗಿನ ಬಾಡಿಗೆಮನೆಯ ಇಂಜಿನಿಯರು ತಲೆ ಓರೆ ಮಾಡಿ ನೋಡಿ, "ಹೆಬ್ಬಾಳ ಫ್ಲೈಓವರ್ ಹೊಸ ಪ್ಲಾನಾ ಸಾರ್?" ಎಂದ. ಇಸ್ತ್ರಿಯವಳು ಬಾಯಿಗೆ ಸೆರಗು ಹಿಡಿದು ಓಡಿಹೋದಳು. ಅಮ್ಮನಂತೂ, "ಥೂ! ಮೂರು ಕಿವಿ ಮಡಗವ್ಳೆ. ಇದು ನಾನಲ್ಲ, ಯಾವಳೋ" ಎಂದು ಮುಖ ಸೊಟ್ಟಗೆ ಮಾಡಿ ತಿರುಗಿ ಕೂತಳು.

"ಆಯ್ತಲ್ಲ," ಎಂದ ಅಣ್ಣ. "ಸೋಮವಾರ ಮತ್ತಿಕೆರೆಗೆ ಹೋಗಿ ಅಡ್ಮಿಷನ್ ವಿಚಾರಿಸ್ಕೊಂಡ್ ಬರೋಣ."

ತೇಜಸ್ವಿನಿ ಅಳಲಿಲ್ಲ. ಹಲಗೆಯನ್ನು ತಾನೇ ಎತ್ತಿ ಹೊರಗೆ ಪೋರ್ಟಿಕೋದಲ್ಲಿ ಒರಗಿಸಿ, ಬ್ರಷ್ಷುಗಳನ್ನು ತೊಳೆದು ಒರೆಸಿ ಡಬ್ಬಕ್ಕೆ ಹಾಕಿದಳು. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಹಾಳಾದ ಅಣ್ಣ, ಹಾಳಾದ ಪಿಜಿ ಎಂದು ಶಪಿಸುತ್ತಾ ಮಹಡಿ ಹತ್ತಿದೆ.

ಬೆಳಿಗ್ಗೆ ಕಣ್ಣು ಬಿಡುವ ಮುಂಚೆಯೇ ರಸ್ತೆಯಲ್ಲಿ ಕೂಗಾಟ. ಕೂಗುತ್ತಿದ್ದದ್ದು ಗೌರಮ್ಮ ಚಿಕ್ಕಮ್ಮ! ಆ ಮರ ಹೋದ ಮೇಲೆ ನಮ್ಮ ಮನೆಯ ಕಡೆ ಮುಖ ಮಾಡಿ ಅವಳು ಬಾಯಿ ತೆರೆದದ್ದನ್ನು ನಾನು ಕಂಡೇ ಇರಲಿಲ್ಲ. ಬಿದ್ದಂಬೀಳ ಕೆಳಗಿಳಿದೆ. ಅಣ್ಣ ಲುಂಗಿ ಸುತ್ತಿಕೊಳ್ಳುತ್ತಾ ಗೇಟಿಗೆ ಬಂದ. ಅವಳ ಮನೆಯ ಮುಂದೆ ರಂಗೋಲಿ ಅರ್ಧಕ್ಕೇ ನಿಂತಿತ್ತು, ಅವಳ ಕೈ ನಮ್ಮ ಹೊಸ ಕಟ್ಟಡದ ತುದಿಯನ್ನು ತೋರಿಸುತ್ತಿತ್ತು.

"ಲೇ ಆಂಜಿ! ಯಾಕ್ಲಾ ನಿಮ್ಮವ್ವನ್ನ ತಗಂಡೋಗಿ ಅಷ್ಟೆತ್ರದಾಗೆ ಕೂರ್ಸಿದ್ದೀ? ಜಗಲಿ ಮ್ಯಾಲಿಂದ ನನ್ನ ಮನೆ ಕಾಯೋದು ಸಾಲ್ದೂಂತ, ಮೂರನೇ ಮಹಡಿಯಿಂದ ಬ್ಯಾರೆ ಕಾಯ್ಬೇಕಾ ಅಕ್ಕಯ್ಯಮ್ಮ?"

ನಾವೆಲ್ಲ ತಲೆಯೆತ್ತಿ ನೋಡಿದೆವು. ಮೂರನೇ ಮಹಡಿಯ ಸಾರವೆಯ ಬೊಂಬುಗಳಿಗೆ ಬಿಗಿಯಾಗಿ ಕಟ್ಟಿದ ಹಲಗೆ. ಅದರಲ್ಲಿ ಅಮ್ಮ!

ಮೇಸ್ತ್ರಿ ಭೀಮರಾಜ್ ಮೇಲಿಂದ ಗಾಬರಿಯಾಗಿ ಇಳಿದು ಬಂದ. ಕಟ್ಟುವ ಮನೆಗೆ ಕೆಟ್ಟ ಕಣ್ಣು ಬೀಳದಿರಲಿ ಎಂದು ಕೋರೆಹಲ್ಲಿನ ದೃಷ್ಟಿಬೊಂಬೆ ನೇತುಹಾಕುತ್ತಾರಲ್ಲ, ಅದಿಲ್ಲದೆ ತಾರಸಿ ಹಾಕುವುದಿಲ್ಲ ಎಂದು ಅವನು ಹಟ ಹಿಡಿದಿದ್ದ. ಅಣ್ಣ ಒಂದನ್ನು ತಂದು ಪೇಪರು ಸುತ್ತಿ ಪೋರ್ಟಿಕೋದಲ್ಲಿಟ್ಟು, ಬೆಳಿಗ್ಗೆ ತೆಗೆದುಕೋ ಎಂದಿದ್ದ. ಪೇಪರಿನ ಗಂಟು ಯಾರ ಕಣ್ಣಿಗೆ ಬೀಳುತ್ತದೆ?

"ಸೈಟಿನ ಹಲಗೆ ಮೇಲೇ ಬರ್ದಿತ್ತಲ್ಲ ಸಾರ್, ಇದೇ ಇರ್ಬೇಕು ಅಂದ್ಕೊಂಡೆ," ಎಂದ ಭೀಮರಾಜ್. "ಕೋರೆಹಲ್ಲಿಲ್ಲ ನಿಜ. ಆದ್ರೆ ನೋಡಿದ್ರೆ ಎದೆ ಝಲ್ಲಂತು. ಪರ್ವಾಗಿಲ್ಲ, ಸಾರ್ ಒಳ್ಳೇದೇ ತಂದವ್ರೆ ಅಂದ್ಕೊಂಡ್ ಕಟ್ಬಿಟ್ಟೆ."

ನನಗೆ ನಗು ತಡೆಯಲಾಗಲಿಲ್ಲ. ಮರುಗಳಿಗೆಯೇ ತಲೆಯಲ್ಲಿ ದೀಪ ಹತ್ತಿತು. "ಅಣ್ಣಾ! ಚಿಕ್ಕಮ್ಮ ಗುರುತು ಹಿಡಿದ್ಲು! ಹೆಸರು ಹಿಡಿದು ಕೂಗಿದ್ಲು!"

"ಯಾರೋ ಹೇಳಿಕೊಟ್ಟಿರ್ತಾರೆ," ಎಂದ ಅಣ್ಣ, ಆದರೆ ದನಿಯಲ್ಲಿ ದಮ್ಮಿರಲಿಲ್ಲ.

"ಯಾರು ಹೇಳಿಕೊಡ್ತಾರೆ? ಈ ಮನೆಯೋರು ಯಾರಾದ್ರೂ ಅವಳ ಹತ್ರ ಮಾತಾಡಿದೀರಾ? ಹಲಸಿನ ಮರ ಕಡಿದಾಗಿಂದ ಒಬ್ಬರಾದ್ರೂ?"

ತೇಜಸ್ವಿನಿ ಎಚ್ಚರವಾಗಿ ಬಂದು ನನ್ನ ಹಿಂದೆ ನಿಂತಿದ್ದಳು. ಅವಳು ರಸ್ತೆ ದಾಟಿ ಗೌರಮ್ಮ ಚಿಕ್ಕಮ್ಮನ ಹತ್ತಿರ ಹೋದಳು.

"ಅಜ್ಜಿ, ಹೆಂಗೆ ಗೊತ್ತಾಯ್ತು ನಿಮ್ಗೆ?"

"ಅದ್ಯಾಕೆ ಗೊತ್ತಾಗಲ್ಲ?" ಎಂದು ರೇಗಿದಳು ಚಿಕ್ಕಮ್ಮ. "ಆ ಪಕ್ಕದ ಕಣ್ಣು ನೋಡು, ನನ್ನ ಗೇಟಿನ ಮ್ಯಾಲೇ ನೆಟ್ಟೈತೆ. ಮೂರು ಕಿವಿ ಮಡಗಿದ್ದೀಯ, ಸರಿಯಾಗೈತೆ, ನಮ್ಮನೆ ಮಾತು ಕೇಳೋಕೆ ಅವಳಿಗೆ ಅಷ್ಟು ಬೇಕೇ ಬೇಕು." ಆಮೇಲೆ ಸ್ವಲ್ಪ ಹೊತ್ತು ಮೇಲೆ ನೋಡಿದಳು. ದನಿ ಇಳಿಯಿತು. "ಆ ಇನ್ನೊಂದು ಕಣ್ಣೈತಲ್ಲ, ನೆಟ್ಟಗೆ ನೋಡೋದು. ನನ್ನ ಯಜಮಾನ ಸತ್ತ ದಿನ ಗೇಟ್ ತಾವ ನಿಂತು ಇಂಗೇ ನೋಡ್ತಿದ್ಲು. ಒಳಕ್ಕೆ ಬರ್ಲಿಲ್ಲ. ಹೋಗ್ಲೂ ಇಲ್ಲ. ಅದು ನಿಂಗೆ ಹೆಂಗೆ ಗೊತ್ತಾಯ್ತವ್ವ? ನೀನಿನ್ನೂ ಹುಟ್ಟೇ ಇರ್ಲಿಲ್ಲ."

ಅಣ್ಣ ತಲೆ ಕೆರೆದುಕೊಂಡು, ಮಗಳ ಮುಖ ನೋಡದೆ, "ಸೋಮವಾರ ಕಾಲೇಜಿಗೆ ಹೋಗು. ನಿನ್ ಕಾಲೇಜಿಗೇ" ಎಂದ. ಹುಡುಗಿ ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ನಾನು ಕಣ್ಣೊರೆಸಿಕೊಂಡೆ, ಸುಳ್ಳೇಕೆ ಹೇಳಲಿ.

"ಬಿಚ್ಬಿಡ್ಲಾ ಸಾರ್?" ಎಂದು ಭೀಮರಾಜ್ ಕೇಳಿದ.

"ಯಾಕ್ಲಾ ಬಿಚ್ತೀಯ?" ಜಗಲಿಯಿಂದ ಅಮ್ಮನ ದನಿ ಬಂತು. ಎಷ್ಟು ಹೊತ್ತಿನಿಂದ ಅಲ್ಲಿ ಕೂತು ಕೇಳುತ್ತಿದ್ದಳೋ. "ತಾರಸಿ ಆಗೋಗಂಟ ಇರ್ಲಿ. ನಾನೇ ಅದು."

ಇತ್ತ ಚಿಕ್ಕಮ್ಮ ಹೋಗಿ ರಂಗೋಲಿ ಮುಗಿಸುತ್ತಾಳೆ ಎಂದುಕೊಂಡರೆ ನಮ್ಮ ಗೇಟಿಗೇ ಬಂದು ನಿಂತಳು. ಕಣ್ಣು ಮಾತ್ರ ನನ್ನ ಮೇಲೆ. "ರಾಧಾ, ಆ ಹುಡುಗೀನ ಕೇಳು. ಅವಳನ್ನ ಊರಿಗೆಲ್ಲ ಕಾಣೋ ಅಂಗೆ ಬರ್ದವಳೆ. ನನ್ನ ಬರಿಯಾಕೆ ಏನು ಧಾಡಿ?"

ಅಮ್ಮನೂ ನನ್ನನ್ನೇ ನೋಡುತ್ತಾ, "ಗೇಟಲ್ಲಿ ನಿಂತ್ರೆ ಎಂಗೆ ಬರೀತಾಳೆ? ಬೆಳಕು ಇಲ್ಲಿ ಜಗಲಿ ಮ್ಯಾಲೆ ಬೀಳೋದು ಅಂತ ಹೇಳು ರಾಧಾ" ಎಂದಳು.

ಚಿಕ್ಕಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದಳು. ಅಮ್ಮನ ಪಕ್ಕದ ಕುರ್ಚಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡಳು. ತೇಜಸ್ವಿನಿ ಇನ್ನೊಂದು ಹಲಗೆ ತರಲು ಓಡಿದಳು.

"ಕಾಫಿ ಕುಡೀತಾಳಾ ಕೇಳು ರಾಧಾ."

"ಕುಡೀತೀನಿ. ಸಕ್ಕರೆ ಹಾಕ್ಬೇಡಿ ಅಂತ ಹೇಳು ರಾಧಾ."

"ಅದು ನನಗೆ ಗೊತ್ತಿಲ್ವಾ?" ಅಮ್ಮ ಅವಳ ಕಡೆಗೇ ತಿರುಗಿ ಸಿಡುಕಿದಳು. "ಹೋದ ಯುಗಾದಿಯಿಂದ ನಿಂಗೆ ಸಕ್ಕರೆ ಕಾಯಿಲೆ, ಮಂಡಿನೋವು ಬ್ಯಾರೆ. ಬೆಳಿಗ್ಗೆ ನೀನು ಗೇಟಿಗೆ ಬರೋದು ಒಂದ್ ಗಳಿಗೆ ತಡವಾದ್ರೂ ನನ್ ಜೀವ ಇಲ್ಲಿ ಹೊಡ್ಕೊತಿರ್ತದೆ ಕಣೇ ಗೌರಿ."

ಚಿಕ್ಕಮ್ಮ ಕುರ್ಚಿಯನ್ನು ಅಮ್ಮನ ಹತ್ತಿರಕ್ಕೆ ಎಳೆದುಕೊಂಡಳು. ನಡುವೆ ನಿಂತಿದ್ದ ನನಗೆ ಅಲ್ಲಿ ಇನ್ನು ಕೆಲಸವಿರಲಿಲ್ಲ. ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.