ಮ್ಯಾನೇಜರನ ಉತ್ತರಗಳು

ಯಜಮಾನನ ಬೈಗುಳ ಸಾಕಾಗಿ ಪ್ರೆಸ್ಸಿನ ಕೆಲಸ ಬಿಟ್ಟಿದ್ದ ಗಂಡ, ಸ್ಯಾಂಡ್‌ವಿಚ್ ಅಂಗಡಿಯ ಫ್ರಾಂಚೈಸಿ ತಗೊಳ್ಳೋಣವೆಂದು ದಿನವೂ ತಲೆ ತಿನ್ನುತ್ತಿದ್ದ. ಈಗಾಗಲೇ ನಡೆಸುತ್ತಿರುವವರನ್ನೇ ಕೇಳೋಣವೆಂದು ಹೆಂಡತಿ ಅವನನ್ನು ಅಂಥದೊಂದು ಅಂಗಡಿಗೆ ಕರೆದೊಯ್ದಳು. ಫ್ರಾಂಚೈಸಿ ಕೊಡುವ ಕಂಪನಿಯ ಮ್ಯಾನೇಜರ್ ಸುದ್ದಿ ತಿಳಿದು ಮೊದಲೇ ಬಂದು ಕೂತಿದ್ದ.

"ವ್ಯಾಪಾರ ಹೇಗಿದೆ ಅಣ್ಣಾ?" ಎಂದು ಅವಳು ಅಂಗಡಿಯವನನ್ನು ಕೇಳಿದಳು.

"ತುಂಬಾ ಚೆನ್ನಾಗಿದೆ," ಎಂದ ಮ್ಯಾನೇಜರ್.

"ಬೇಕಾದಾಗ ಬಾಗಿಲು ಹಾಕ್ಬೋದಾ?"

ಅಂಗಡಿಯವನು ಬ್ರೆಡ್ ಕೊಯ್ಯುವುದನ್ನು ನಿಲ್ಲಿಸಿ ಮ್ಯಾನೇಜರನ ಮುಖ ನೋಡಿದ.

"ಅದಕ್ಕೆಲ್ಲ ರೂಲ್ಸ್ ಇದೆ ಮೇಡಂ," ಎಂದ ಮ್ಯಾನೇಜರ್.

ಅವಳಿಗೆ ರೇಗಿಹೋಯಿತು. "ನಾನು ಕೇಳ್ತಿರೋದು ಇವರನ್ನ. ಇವರಿಗೆ ಬಾಯಿಲ್ವಾ?"

ಅಂಗಡಿಯವನು ತಲೆ ತಗ್ಗಿಸಿ ಮತ್ತೆ ಬ್ರೆಡ್ ಕೊಯ್ಯತೊಡಗಿದ.

ಹೊರಗೆ ಬಂದ ಮೇಲೂ ಗಂಡ, "ಅಂಗಡಿ ಹೇಗೆ ಥಳಥಳ ಅಂತಿದೆ ನೋಡೇ," ಎಂದ.

"ನೀವು ಹಾಗೆ ಇನ್ನೊಬ್ಬರ ಮುಖ ನೋಡ್ಕೊಂಡು ನಿಲ್ಲೋದನ್ನ ನನ್ನ ಕೈಲಿ ನೋಡೋಕಾಗಲ್ಲ ರೀ."

ಅವನು ಮುಖ ಊದಿಸಿಕೊಂಡ. ಬಸ್ಸು ಹತ್ತುವಾಗ ಮಾತ್ರ, "ಆಯ್ತು, ಬೇಡ ಬಿಡು," ಎಂದು ಗೊಣಗಿದ.