ಎರಡು ಕಣ್ಣಿನ ಕ್ಯಾಮೆರಾ

ಸೋಮಲಿಂಗನ ಕ್ಯಾಮೆರಾ ಸತ್ತದ್ದೂ ಹೆಣದ ಮನೆಯಲ್ಲೇ. ಹಲಸಿಯಲ್ಲಿ ಹಿರಿಯರೊಬ್ಬರು ತೀರಿಕೊಂಡಿದ್ದರು. ಗೋಡೆಗೆ ಆನಿಸಿ ಕೂರಿಸಿದ್ದ ಹೆಣದ ರುಮಾಲು ಸರಿಮಾಡಲು ಇವನು ಬಗ್ಗಿದ್ದೇ ತಡ, ಅಂಗಿಯ ಕಿಸೆಯಲ್ಲಿದ್ದ ಅಂಗೈಯಷ್ಟು ಕ್ಯಾಮೆರಾ ಜಾರಿ, ಜಳಕ ಮಾಡಿಸಿ ಉಳಿದಿದ್ದ ನೀರಿನ ಕೊಪ್ಪರಿಗೆಗೆ ಬುಳಕ್ಕನೆ ಬಿತ್ತು. ಹನ್ನೆರಡು ವರ್ಷ ದುಡಿದ ಡಬ್ಬಿ. ಅಳುತ್ತಿದ್ದವರು ಕೂಡ ಒಂದು ಗಳಿಗೆ ಅಳು ನಿಲ್ಲಿಸಿ ಇವನನ್ನು ನೋಡಿದರು.

ಖಾನಾಪುರದಲ್ಲಿ ಅವನ ಸ್ಟುಡಿಯೋ ಎಲ್ಲಿ ಎಂದು ಕೇಳಿದರೆ, "ಯಾರು, ಹೆಣದ ಫೋಟೋದವನಾ?" ಎಂದು ತಿರುಗಿ ಕೇಳುತ್ತಾರೆ. ಮೊದಲು ಹಾಗಿರಲಿಲ್ಲ. ಹಾಳಾದ ಮೊಬೈಲು ಬಂತು ನೋಡಿ, ತೊಟ್ಟಿಲ ಕಾರ್ಯ ಹೋಯಿತು, ಶಾಲೆಯ ಗುಂಪು ಫೋಟೋ ಹೋಯಿತು, ಮದುವೆಗಳು ಬೆಳಗಾವಿಯ ದೊಡ್ಡ ಹುಡುಗರ ಪಾಲಾದವು. ಉಳಿದದ್ದು ಒಂದೇ. ಹೆಣ ಕೂರಿಸಿ, ಹಾರ ಹಾಕಿ, ಮನೆಮಂದಿಯೆಲ್ಲ ಸುತ್ತ ಕುಳಿತು ತೆಗೆಸುವ ಕಡೆಯ ಫೋಟೋ. ಅದು ಎಲ್ಲರಿಗೂ ಬೇಕೇ ಬೇಕು. ಆದರೆ ಅದನ್ನು ತನ್ನ ಮೊಬೈಲಿನಲ್ಲಿ ಇಟ್ಟುಕೊಂಡು ತಿರುಗುವ ಗುಂಡಿಗೆ ಯಾರಿಗಿದೆ? ಹಾಗಾಗಿ ಸೋಮಲಿಂಗನಿಗೆ ಕರೆ ಬರುತ್ತದೆ. ಸತ್ತವರ ಗದ್ದ ಜೋತುಬೀಳುತ್ತದೆ. ಅದನ್ನು ಎರಡು ಬೆರಳಿನಿಂದ ಮೆಲ್ಲಗೆ ಎತ್ತಿ, ಹಾರದ ಕೆಳಗೆ ಬಟ್ಟೆಯ ಸುರುಳಿ ಸಿಕ್ಕಿಸಿ, "ಹಾಂ, ಹಂಗ ಇರ್ರಿ" ಎಂದು ಗುಂಡಿ ಒತ್ತುವುದರಲ್ಲಿ ಅವನ ಸಮ ಯಾರೂ ಇಲ್ಲ. ಎಂಥ ಹಿರಿಮೆ, ಅಲ್ಲವೇ?

ಅವನಿಗೊಂದು ಆಸೆ ಇತ್ತು, ಒಂದೇ ಒಂದು. ತಂಗಿ ಕಾಂತಾಳ ಮಗಳು ಪದ್ಮಶ್ರೀಯ ಮದುವೆ ಬರುವ ಸೋಮವಾರ. ಆ ಹುಡುಗಿಯ ತೊಟ್ಟಿಲ ಫೋಟೋ ತೆಗೆದವನು ಇವನೇ, ಮೊದಲ ದಿನ ಸಾಲಿಗೆ ಹೋದಾಗಿನದೂ ಇವನದೇ. ಅಕ್ಕಿಕಾಳು ಬೀಳುವಾಗಿನದೂ ತನ್ನದೇ ಆಗಬೇಕು. ಅದೊಂದಾದರೆ ಜೀವಂತ ಮಂದಿಯೂ ತನ್ನನ್ನು ಮತ್ತೆ ಕರೆದಾರು. ಕಾಂತಾ ಮಾತ್ರ ಕಡ್ಡಿ ಮುರಿದಂತೆ ಹೇಳಿದ್ದಳು: "ಆ ಕ್ಯಾಮೆರಾ ನನ್ನ ಹಂದರದಾಗ ಬ್ಯಾಡ ಅಣ್ಣಾ. ಎಷ್ಟ ಹೆಣಾ ನೋಡೇತೋ ಏನೋ. ಹೊಸಾದು ತಂದಿ ಅಂದರ ನೋಡೂಣು."

ಹೀಗಾಗಿ ಹಳೆಯದು ನೀರಿಗೆ ಬಿದ್ದಾಗ, ಹೇಳಲು ನಾಚಿಕೆ, ಅವನಿಗೆ ಖುಷಿಯೇ ಆಗಿತ್ತು. ಹೆಂಡತಿ ಮಾಯಕ್ಕ ಬುತ್ತಿ ಕಟ್ಟಿಕೊಡುತ್ತಾ, "ಕ್ಯಾಮೆರಾ ಬದಲಾದರ ಹಣೇಬರಹ ಬದಲಾಗತೈತೇನ್ರೀ?" ಎಂದಳು. ಅಪಶಕುನದ ಬಾಯಿ ಎಂದು ಬೈದುಕೊಂಡೇ ಅವನು ಬೆಳಗಾವಿ ಬಸ್ಸು ಹತ್ತಿದ.

ರವಿವಾರ ಪೇಟೆಯ ಹಿಂದಿನ ಸಂದಿಯಲ್ಲಿ ಇಶ್ತಿಯಾಕನ ಅಂಗಡಿ. ಹಳೆಯ ಕ್ಯಾಮೆರಾ ರಿಪೇರಿ ಮಾಡಿ ಮಾರುತ್ತಾನೆ. ಇಪ್ಪತ್ತು ವರ್ಷದ ಪರಿಚಯ. ಅವನು ಗಾಜಿನ ಮೇಲೆ ಎರಡನ್ನು ಇಟ್ಟ. ಒಂದು ಸಣ್ಣದು, ನೀರಿಗೆ ಬಿದ್ದದ್ದರ ತಮ್ಮನ ಹಾಗಿತ್ತು. ಇನ್ನೊಂದು ದೊಡ್ಡದು, ಲೆನ್ಸ್ ಬಿಚ್ಚಿ ಬದಲಿಸುವಂಥದ್ದು, ಜೊತೆಗೆ ಎರಡು ಲೆನ್ಸ್.

"ನನ್ನ ಕೇಳಿದರ ಸಣ್ಣದ ತಗೋರಿ ಸೋಮಣ್ಣಾ," ಎಂದ ಇಶ್ತಿಯಾಕ. "ಕಿಸೇದಾಗ ಹೋಗತೈತಿ. ಸತ್ತವರ ಮನಿಗೆ ಇಷ್ಟ ದೊಡ್ಡ ತೋಪು ಹಿಡಕೊಂಡ ಹೋದರ ಮಂದಿ ಏನಂದಾರು?"

"ಮದುವ್ಯಾಗ ಸಣ್ಣದು ಹಿಡದರ ಊಟಕ್ಕ ಬಂದಾಂವ ಅಂತಾರಲ್ಲೋ!"

ಎರಡನ್ನೂ ಕೊಳ್ಳುವ ತಾಕತ್ತು ಇರಲಿಲ್ಲ. ಸೋಮಲಿಂಗ ಸಣ್ಣದನ್ನು ಎತ್ತಿದ, ಇಟ್ಟ, ದೊಡ್ಡದನ್ನು ಎತ್ತಿದ, ಇಟ್ಟ. ಅವನ ತಲೆ ತಿನ್ನುತ್ತಿದ್ದದ್ದು ಬೇರೆಯೇ. ಯಾವುದನ್ನು ಒಯ್ದರೂ ಹೊಟ್ಟೆಪಾಡಿಗೆ ಮತ್ತೆ ಹೆಣದ ಮನೆಗೇ ಹೋಗಬೇಕು. ಮದುವೆಯ ಮುಂಚೆಯೇ ಯಾರಾದರೂ ಸತ್ತರೆ? ಸಾವು ಏನು ಹೇಳಿ ಕೇಳಿ ಬರುತ್ತದೆಯೇ? ಅಷ್ಟರಲ್ಲಿ ಇಶ್ತಿಯಾಕ ದೊಡ್ಡದರ ಲೆನ್ಸನ್ನು ಕಟಕ್ಕನೆ ತಿರುವಿ ಕೈಗೆ ತೆಗೆದುಕೊಂಡ.

ಸೋಮಲಿಂಗ ನೋಡಿಯೇ ನೋಡಿದ. "ಭಾಯಿ, ಖರೇ ಹೇಳು. ನೋಡೂದು ಇದ ಹೌದಲ್ಲೋ?"

"ಮತ್ತ? ಗಾಜು ನೋಡತೈತಿ, ಡಬ್ಬಿ ಇಟಗೋತೈತಿ."

"ಹಂಗಾದರ ಒಂದು ಕಣ್ಣ ಜೀವಂತ ಇದ್ದವರಿಗೆ, ಒಂದು ಕಣ್ಣ ಸತ್ತವರಿಗೆ!"

ಆ ಸಣ್ಣದಕ್ಕಾದರೆ ಇದ್ದದ್ದು ಒಂದೇ ಕಣ್ಣು, ಅದೂ ಕಿತ್ತರೆ ಬರದು. ಇಶ್ತಿಯಾಕ ನಗಲಿಲ್ಲ. ಗಿರಾಕಿಯ ಲೆಕ್ಕ ಗಿರಾಕಿಗೆ. ದೊಡ್ಡದರ ದುಡ್ಡು ಎಣಿಸಿಕೊಂಡು, ಪೊಟ್ಟಣ ಕಟ್ಟುವ ಕೆಂಪು ದಾರ ಹರಿದುಕೊಟ್ಟ. ಸೋಮಲಿಂಗ ಅದನ್ನು ಜೀವಂತ ಇದ್ದವರ ಲೆನ್ಸಿಗೆ ಗುರುತಿಗೆಂದು ಎರಡು ಸುತ್ತು ಕಟ್ಟಿ, ಪರೀಕ್ಷೆಗೆಂದು ಇಶ್ತಿಯಾಕನನ್ನೇ ಬೆಳಕಿಗೆ ಕೂರಿಸಿ, ಮುಂದೆ ಹೋಗಿ ಎರಡು ಬೆರಳಿನಿಂದ ಅವನ ಗದ್ದ ಎತ್ತಿದ.

"ಯಾ ಅಲ್ಲಾ! ನಾ ಇನ್ನೂ ಜೀವಂತ ಅದೀನಿ ಮಾರಾಯಾ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ನಕ್ಕು ಎಷ್ಟು ವರ್ಷವಾಯಿತೋ ಎಂದುಕೊಂಡ ಸೋಮಲಿಂಗ.

ಅಲ್ಲಿಂದ ನೆಟ್ಟಗೆ ಅನಗೋಳಕ್ಕೆ, ಕಾಂತಾಳ ಮನೆಗೆ. ಒಳಗೆ ವರನ ತಾಯಿ ಮದುವೆಯ ಸೀರೆ ಕೊಡಲು ಬಂದು ಕುಳಿತಿದ್ದಳು. ನಂದಗಡದವಳು, ಹಣೆ ಬರಿದಾಗಿತ್ತು. ಸೋಮಲಿಂಗ ತಂಗಿಯನ್ನು ಅಡುಗೆಮನೆಗೆ ಕರೆದು ಎರಡು ಕಣ್ಣಿನ ವಿಷಯ ಹೇಳಿದ. ದಾರ ಕಟ್ಟಿದ್ದನ್ನು ತೋರಿಸಿದ. ಕಾಂತಾಳ ಮುಖ ಅರಳಿತು.

"ನಿನ್ನ ತಲಿ ಭಾರಿ ಐತಿ ಬಿಡಣ್ಣಾ! ಇದಕ್ಕ ನಾ ಏನೂ ಅನ್ನೂದಿಲ್ಲ. ತಗಿ, ಈಗಿಂದೀಗ ಒಂದು ತಗಿ. ಬೀಗತಿನೂ ನೋಡಲಿ."

ಪದ್ಮಶ್ರೀ ಹೊಸ ಸೀರೆ ಹೆಗಲಿಗೆ ಹಾಕಿಕೊಂಡು ಕಿಟಕಿಯ ಬಳಿ ಕುಳಿತಳು. ನಾಚಿಕೆಗೆ ತಲೆ ಬಗ್ಗಿತ್ತು. ಬೆಳಕು ಒಂದು ಕೆನ್ನೆಯ ಮೇಲೆ ಬಿದ್ದಿತ್ತು. ಕೆಂಪು ದಾರದ ಕಣ್ಣಿನಲ್ಲಿ ಅವಳನ್ನು ಕಂಡು ಸೋಮಲಿಂಗನಿಗೆ ಎದೆ ತುಂಬಿ ಬಂತು. ಗದ್ದ ಒಂದಿಷ್ಟು ಮೇಲೆ ಬರಬೇಕು, ಅಷ್ಟೇ. ಎದ್ದು ಹೋದ. ಎರಡು ಬೆರಳಿನಿಂದ ಮೆಲ್ಲಗೆ ಎತ್ತಿದ.

"ಹಾಂ, ಹಂಗ ಇರ್ರಿ."

"ಏನ ಮಾಮಾ, ನನಗ 'ರೀ' ಹಚ್ಚಾಕತ್ತಿ!" ಎಂದು ಹುಡುಗಿ ಕಿಲಕಿಲ ನಕ್ಕಳು. ಅವನು ಒತ್ತಿದ.

ಹಿಂದೆ ಚಹಾದ ಬಸಿ ನೆಲಕ್ಕೆ ಬಿದ್ದ ಸದ್ದಾಯಿತು. ವರನ ತಾಯಿ ಎದ್ದು ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಕ್ಯಾಮೆರಾವನ್ನಲ್ಲ, ಸೋಮಲಿಂಗನ ಕೈಯನ್ನು.

"ಹ್ವಾದ ಶ್ರಾವಣದಾಗ ನಮ್ಮ ಮನಿಗೆ ಬಂದಿದ್ದರಿ," ಎಂದಳು. ದನಿ ಏರಲಿಲ್ಲ. "ಅವತ್ತ ಮಾರಿಮ್ಯಾಲೆ ಸೆರಗಿತ್ತು, ನಿಮ್ಮ ಮಾರಿ ನೋಡಿದ್ದಿಲ್ಲ ನಾ. ಕೈ ನೋಡಿದ್ದೆ. ನಮ್ಮ ಯಜಮಾನರ ಗದ್ದಾ ಹಿಂಗ ಎತ್ತಿದ್ದರಿ. ಹಿಂಗ ಅಂದಿದ್ದರಿ." ಆಮೇಲೆ, "ತಪ್ಪ ತಿಳೀಬ್ಯಾಡ್ರಿ" ಎಂದು ಕೈಮುಗಿದು ಹಿತ್ತಲ ಕಡೆ ಹೋದಳು.

ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು. ಕಾಂತಾ ಒತ್ತಾಯ ಮಾಡಿ ಉಣ್ಣಿಸಿದಳು, ರೊಟ್ಟಿಯ ಮೇಲೆ ಬೆಣ್ಣೆ ಹಾಕಿದಳು. ಹೊರಟಾಗ ಓಣಿಯ ತುದಿಯವರೆಗೆ ಕಳಿಸಲು ಬಂದಳು.

"ಕ್ಯಾಮೆರಾದ್ದೇನೂ ತಪ್ಪಿಲ್ಲಣ್ಣಾ."

"ಗೊತ್ತಾತು ಬಿಡವಾ."

"ಮದುವಿಗೆ ಬಾ. ಸ್ವಾದರಮಾವ ನೀನು, ಮುಂದ ಕುಂದ್ರು. ಆದರ..."

"ತರೂದಿಲ್ಲ," ಎಂದ.

ಕಾಂತಾ ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳಿಗೆ ಅಳು ಒತ್ತಿ ಬಂದಿತ್ತು. ಅಣ್ಣನಿಗೆ ಏನಾದರೂ ಕೊಟ್ಟು ಕಳಿಸಬೇಕು, ಬರಿಗೈಯಲ್ಲಿ ಕಳಿಸಬಾರದು ಎನ್ನುವ ಹಾಗೆ ತಡಕಾಡಿ ಹೇಳಿದಳು: "ನಾ ಹ್ವಾದಾಗ ಮಾತ್ರ ನೀನ ಬರಬೇಕು ನೋಡು. ಮತ್ತ್ಯಾರಿಗೂ ನನ್ನ ಮಾರಿ ಮುಟ್ಟಗೊಡಬ್ಯಾಡ. ನಿನ್ನಂಗ ಯಾರಿಗೂ ಬರೂದಿಲ್ಲಣ್ಣಾ."

ಪ್ರೀತಿಯಿಂದಲೇ ಹೇಳಿದಳು. ಅದೇ ಅವನ ಕರುಳಿಗೆ ಚುಚ್ಚಿತು. "ಆಗಲಿ, ಬರತೀನಿ" ಎಂದ. ಮತ್ತೇನು ಹೇಳಬೇಕಿತ್ತು?

ಖಾನಾಪುರದ ಬಸ್ಸು ಊರು ದಾಟುವಷ್ಟರಲ್ಲಿ ಜಾಂಬೋಟಿ ಕಡೆಯವರ ಫೋನು ಬಂತು. ನಾಳೆ ಮುಂಜಾನೆ, ಮಣ್ಣು ಕೊಡೂದು ಹನ್ನೊಂದಕ್ಕೆ, ತಡ ಮಾಡಬ್ಯಾಡ್ರಿ. ಸೋಮಲಿಂಗ ಹೂಂ ಎಂದು, ಚೀಲದಿಂದ ಲೆನ್ಸ್ ತೆಗೆದು, ಕೆಂಪು ದಾರದ ಗಂಟನ್ನು ಉಗುರಿನಿಂದ ಬಿಚ್ಚಿದ. ಇನ್ನು ಯಾವ ಕಣ್ಣು ಹಾಕಿಕೊಂಡು ಹೋದರೂ ನಡೆಯುತ್ತಿತ್ತು.