ಟೊಳ್ಳು ಚಪ್ಪಡಿ

ಭಾನುವಾರ ಮಧ್ಯಾಹ್ನ ಮೂರಕ್ಕೆ ಅಕ್ಕ ಕಾರು ತರುತ್ತಾಳೆ. ಅಷ್ಟರೊಳಗೆ ಅಣ್ಣ ಕೋಣೆಯಿಂದ ಆಚೆ ಕಾಲಿಡದಿದ್ದರೆ ಅವನನ್ನು ಕರೆದೊಯ್ದು ಆರೈಕೆ ಕೇಂದ್ರಕ್ಕೆ ಸೇರಿಸುವುದೇ ಸೈ. ಹಾಗೆಂದವಳು ತಂಗಿ ಬಾಯಿ ತೆರೆಯುವ ಮೊದಲೇ ಫೋನಿಟ್ಟಿದ್ದಳು. ಅಕ್ಕ ತೀರ್ಮಾನ ಮಾಡಿದಳೆಂದರೆ ಮುಗಿಯಿತು. ಬೇಕಾದರೆ ಅವಳ ಗಂಡನನ್ನು ಕೇಳಿ.

ಅಣ್ಣ ಗಾರೆ ಕೆಲಸದವನು. ಇಪ್ಪತ್ತೆರಡು ವರ್ಷ ಊರವರ ಅಂಗಳಕ್ಕೆಲ್ಲ ಕಲ್ಲು ಹಾಸಿದವನು, ಎಂಟು ತಿಂಗಳ ಹಿಂದೆ ತಾನೇ ಬೊಂಬು ನಿಲ್ಲಿಸಿ ಕಟ್ಟಿದ ಸಾರ್ವೆಯ ಹಲಗೆ ಜಾರಿ ಎರಡನೇ ಮಹಡಿಯಿಂದ ಬಿದ್ದ. ಸೊಂಟದ ಮೂಳೆ ಕೂಡಿತು. ಡಾಕ್ಟರು ಕೈಗೆ ಕೋಲು ಕೊಟ್ಟು, ಇನ್ನು ನಡೆಯಪ್ಪ ಎಂದರು. ಇವನು ಮಾತ್ರ ಗೋಡೆ ಹಿಡಿದುಕೊಂಡು ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಮಂಚಕ್ಕೆ. ಕಾಲಡಿಯ ನೆಲವನ್ನೇ ನಂಬದವನಿಗೆ ಯಾರು ಏನು ಹೇಳುವುದು?

ಬೀಳುವ ಮೊದಲು ಅವನೇ ಆರಿಸಿ ತಂದಿದ್ದ ಚಪ್ಪಡಿ ಕಲ್ಲುಗಳು ಹಿತ್ತಲ ಗೋಡೆಗೆ ಒರಗಿ ಧೂಳು ತಿನ್ನುತ್ತಿದ್ದವು. ಹಿತ್ತಲಿಗೆ ಕಲ್ಲು ಹಾಸಿದರೆ ನೋಡುವುದಕ್ಕಾದರೂ ಬಂದಾನು ಎಂದು ತಂಗಿ ಹಟ ಹಿಡಿದಳು. ಅವಳು ದರ್ಜಿ. ಗುರುವಾರ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಮಣ್ಣು ಅಗೆದಳು, ಜಲ್ಲಿ ಸುರಿದು ಕುಟ್ಟಿದಳು, ಭಾನುವಾರ ಬೆಳಗ್ಗೆ ಗಾರೆ ಕಲಸಿದಳು. ದಾರ ಕಟ್ಟಿ ಸಾಲು ಹಿಡಿಯುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಮಧ್ಯಾಹ್ನ ಒಂದಾಗುವಷ್ಟರಲ್ಲಿ ಹನ್ನೆರಡು ಕಲ್ಲೂ ಇಸ್ತ್ರಿ ಹಾಕಿದ ಹಾಗೆ ಕೂತಿದ್ದವು.

ಕಿಟಕಿಯ ಹಿಂದೆ ಅಣ್ಣ ಮೂರು ದಿನದಿಂದ ನೋಡುತ್ತಾ ಕೂತಿದ್ದ. ಅವಳು ಮರದ ಸುತ್ತಿಗೆಯಿಂದ ಕಲ್ಲುಗಳನ್ನು ಒಂದೊಂದಾಗಿ ತಟ್ಟುತ್ತಾ ಬಂದಳು.

“ಏ ಸೂಜಿ!” ಅವನು ಅವಳನ್ನು ಕರೆಯುವುದೇ ಹಾಗೆ. “ಟೊಳ್ಳು.”

“ಯಾವುದು?”

“ಎಲ್ಲಾ. ಅಡಿಗೆ ಗಾರೆ ಹೇಗೆ ಹಾಕ್ದೆ?”

“ಅಂಚಿಗೆ ಸುತ್ತಲೂ ಹಾಕಿದ್ದೀನಿ. ಒಂದು ಚೂರೂ ಬಿಟ್ಟಿಲ್ಲ.”

“ಮಧ್ಯಕ್ಕೆ?”

ಮಧ್ಯಕ್ಕೆ ಹಾಕಿರಲಿಲ್ಲ. ಬಟ್ಟೆಯ ಅಂಚು ಹೊಲಿದರೆ ಮಧ್ಯ ತಾನಾಗಿ ನಿಲ್ಲುತ್ತದೆ. ಇಷ್ಟು ವರ್ಷ ಹೊಲಿದ ಕೈ ಇಲ್ಲೂ ಅದನ್ನೇ ಮಾಡಿತ್ತು.

“ಕಲ್ಲಿಗೇನು ಜೇಬು ಹೊಲೀತಿದ್ಯಾ? ಕಾಲಿಟ್ರೆ ಸೀಳುತ್ತೆ. ಗಾರೆ ಗಟ್ಟಿಯಾಗೋ ಮೊದಲು ಎಲ್ಲಾ ಎತ್ತು.”

“ನೀನೇ ಬಂದು ಎತ್ತು!”

ಕಿಟಕಿ ದಢಾರನೆ ಮುಚ್ಚಿಕೊಂಡಿತು.

ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಬಾಗಿಲಿಗೆ ದೂರದ ಸಾಲಿನಿಂದ ಶುರುಮಾಡಿ, ಹಾರೆ ಹಾಕಿ ಕಲ್ಲು ಎತ್ತಿದಳು, ಅಡಿಗೆಲ್ಲ ಗಾರೆ ತುಂಬಿ ಮತ್ತೆ ಕೂರಿಸಿದಳು. ಆರು ಕಲ್ಲಾಗುವಷ್ಟರಲ್ಲಿ ಎರಡೂವರೆ. ಉಳಿದ ಗಾರೆ ಬಿಗಿಯುತ್ತಿತ್ತು. ಏಳನೆಯದನ್ನು ಎಡಗೈಯಿಂದ ಹಾರೆ ಒತ್ತಿ ಎತ್ತಿ, ಹಳೆಯ ಗಾರೆ ಕೆರೆಯಲು ಬಲಗೈಯನ್ನು ಅಡಿಗೆ ತೂರಿಸಿದಳು. ಹಾರೆ ಜಾರಿತು.

ಕಲ್ಲು ಪೂರ್ತಿ ಕೂರದೆ ಹಾರೆಯ ತುದಿಯ ಮೇಲೆ ನಿಂತಿತ್ತು. ಮೂರು ಬೆರಳು ಒಳಗೆ. ಎಡಗೈ ಸಡಿಲಬಿಟ್ಟರೆ ಕಥೆ ಮುಗಿಯಿತು, ಆ ಕೈ ಆಗಲೇ ಸೋಲುತ್ತಿತ್ತು.

“ಅಣ್ಣಾ! ಬೆರಳು!”

ಹಿತ್ತಲ ಬಾಗಿಲಿನ ಚಿಲಕ ಸರಿಯಿತು. ಅಣ್ಣ ಹೊಸ್ತಿಲಲ್ಲಿ ಕೋಲೂರಿ ನಿಂತಿದ್ದ. ಅವನಿಗೂ ಅವಳಿಗೂ ನಡುವೆ ಎರಡು ಸಾಲು ಕಲ್ಲು. ಅವು ಟೊಳ್ಳೆಂದು ಹೇಳಿದವನು ಅವನೇ. ಅವನ ಮುಖ ಬಿಳಿಚಿಕೊಂಡಿತು.

“ಕೈ ಬಿಡಬೇಡ,” ಎಂದು ಮೊದಲ ಹೆಜ್ಜೆಯಿಟ್ಟ. ಏನೂ ಆಗಲಿಲ್ಲ. ಎರಡನೆಯ ಹೆಜ್ಜೆಗೆ ಕಲ್ಲು ಟಣಕ್ ಎಂದು ಸೀಳಿತು. ಅವನು ಕಣ್ಣು ಮುಚ್ಚಿದ. ಬರುವುದಿಲ್ಲ, ಹಿಂದಕ್ಕೆ ಹೋಗುತ್ತಾನೆ ಎಂದುಕೊಂಡಳು ತಂಗಿ. ಕಣ್ಣು ತೆರೆದವನು ಕೋಲು ಬಿಸಾಡಿ, ಕೆಳಗೆ ಕೂತು ತೆವಳಿ ಬಂದು ಎರಡೂ ಕೈಯಲ್ಲಿ ಹಾರೆ ಹಿಡಿದ.

“ತೆಗಿ!”

ಬೆರಳು ಹೊರಗೆ ಬಂದವು. ಚರ್ಮ ಕಿತ್ತುಹೋಗಿತ್ತು.

“ಮಡಚು. ಬಿಡಿಸು. ಇನ್ನೊಂದ್ಸಲ.” ಮೂರೂ ಬೆರಳು ಮಡಚಿದ್ದನ್ನು ನೋಡಿದ ಮೇಲೆಯೇ ಅವನು ಉಸಿರು ಬಿಟ್ಟದ್ದು. ಆಮೇಲೆ ಹಿಂತಿರುಗಿ, ತನ್ನ ಭಾರಕ್ಕೆ ಸೀಳಿದ ಕಲ್ಲನ್ನು ಬಹಳ ಹೊತ್ತು ನೋಡಿದ. ಕಲ್ಲು ಸೀಳಿತ್ತು, ಅವನು ಬಿದ್ದಿರಲಿಲ್ಲ.

“ಅದನ್ನ ಬದಲಾಯಿಸಲಾ?” ಎಂದಳು ತಂಗಿ, ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಾ.

“ಬೇಡ, ಇರಲಿ. ಅಡಿ ತುಂಬಿದ್ರೆ ನೂರು ವರ್ಷ ಬಾಳುತ್ತೆ. ಕರಣೆ ಕೊಡು.”

ಮೂರಕ್ಕೆ ಸರಿಯಾಗಿ ಅಕ್ಕ ಮನೆಯ ಪಕ್ಕದ ದಾರಿಯಿಂದ ಹಿತ್ತಲಿಗೆ ಬಂದಳು. ಅಣ್ಣ ಮೊಣಕೈವರೆಗೆ ಗಾರೆ ಮೆತ್ತಿಕೊಂಡು ನೆಲದ ಮೇಲೆ ಕೂತಿದ್ದ.

“ಅಲ್ಲೇ ನಿಲ್ಲು. ಹಸಿ ಕಲ್ಲು,” ಎಂದ ತಲೆಯೆತ್ತದೆ.

ಅಕ್ಕ ಕಾರಿನ ಕೀಲಿ ಎತ್ತಿ ತೋರಿಸಿದಳು. “ಅಲ್ವೋ... ಕಾರು ತಂದಿದ್ದೀನಿ...”

“ಒಳ್ಳೇದಾಯ್ತು. ಸಿಮೆಂಟ್ ಸಾಲ್ತಿಲ್ಲ, ಒಂದು ಮೂಟೆ ತಗೊಂಡ್ಬಾ.”

ಅಕ್ಕ ತಂಗಿಯ ಮುಖ ನೋಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡು ಕಾರಿನ ಕಡೆ ನಡೆದಳು.